ಗುಳೆ ಹೋದ ಮನೆಯ ಮಕ್ಕಳಿಗೂ ಆರೋಗ್ಯ ಕಾರ್ಡ್ ಉಂಟು



ಭತ್ತದ ಕೊಯ್ಲು ಮುಗಿದು ಕಾಲುವೆಯಲ್ಲಿ ನೀರು ನಿಂತರೆ ಹಚ್ಚೊಳ್ಳಿ ಕಡೆ ಕೂಲಿ ಸಿಗುವುದು ಕಷ್ಟ. ಮೇಸ್ತ್ರಿಯಿಂದ ಮುಂಗಡ ಪಡೆದು, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಅಲ್ಲಿ ಕೂಸಿಗೆ ದೊಡ್ಡ ಕಾಯಿಲೆ ಬಂದರೆ ಕೇಳಿಬರುವ ಮಾತು ಒಂದೇ: "ಕಾರ್ಡು ಊರಾಗ ಐತ್ರಿ ಸಿಸ್ಟರ್, ಕೂಸಿನ ಹೆಸ್ರು ಅದ್ರಾಗ ಇಲ್ಲ. ಸಾಲ ಮಾಡೋದು ಬಿಟ್ರೆ ಬ್ಯಾರೆ ದಾರಿ ಇಲ್ಲ." ದಾರಿ ಇದೆ. ಆದರೆ ಊರು ಬಿಡುವ ಮೊದಲೇ ಅದನ್ನು ಸರಿಮಾಡಿಕೊಳ್ಳಬೇಕು.

ಯೋಜನೆ ಏನು ಕೊಡುತ್ತದೆ?

ರಾಜ್ಯದ 'ಆರೋಗ್ಯ ಕರ್ನಾಟಕ' 2018ರ ಮಾರ್ಚ್‌ನಲ್ಲಿ ಆರಂಭವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಇದು ಒಬ್ಬೊಬ್ಬರಿಗೆ ಅಲ್ಲ, ಇಡೀ ಮನೆಗೆ. ಬಿಪಿಎಲ್ ಕಾರ್ಡ್ ಇಲ್ಲದವರನ್ನು ಸಾಮಾನ್ಯ ರೋಗಿ ಎಂದು ಲೆಕ್ಕ ಹಿಡಿಯುತ್ತಾರೆ. ಅವರಿಗೆ ಸರ್ಕಾರಿ ದರದ ಶೇ. 30 ಮಾತ್ರ ಸಿಗುತ್ತದೆ, ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ಕೈಯಿಂದ.

ಇಲ್ಲಿ ಒಂದು ಹಳೆಯ ತಪ್ಪು ತಿಳುವಳಿಕೆ ಇದೆ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಕಾರ್ಡಿಗೆ ಐದೇ ಜನ, 30,000 ರೂಪಾಯಿ ಮಾತ್ರ. ಮನೆಯಲ್ಲಿ ಏಳು ಜನ ಇದ್ದರೆ ಇಬ್ಬರು ಹೊರಗೆ ಉಳಿಯುತ್ತಿದ್ದರು. "ನಮ್ಮ ಸಣ್ಣ ಮಗೀಗೆ ಬರಂಗಿಲ್ಲ" ಎಂಬ ಮಾತು ಆ ಕಾಲದ್ದು. ಈಗ ಜನರ ಲೆಕ್ಕವೂ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ನಾಲ್ಕನೆಯ ಮಗುವಿಗೂ ಹಕ್ಕಿದೆ, ತಿಂಗಳ ಕೂಸಿಗೂ ಹಕ್ಕಿದೆ. ಕೆಲಸ ಮಾಡುವ ಊರು ಯಾವುದು ಎಂಬುದೂ ಅಡ್ಡಿಯಲ್ಲ. ಹಚ್ಚೊಳ್ಳಿಯ ಕಾರ್ಡು ಬೆಂಗಳೂರಿನಲ್ಲೂ ನಡೆಯುತ್ತದೆ.

ಹಾಗಾದರೆ ಮಕ್ಕಳು ಎಲ್ಲಿ ತಪ್ಪಿಹೋಗುತ್ತಾರೆ?

ಕಾಗದದಲ್ಲಿ. ಒಂದು ಉದಾಹರಣೆ ನೋಡೋಣ. ಗಂಡ ಹೆಂಡತಿ ಬೆಂಗಳೂರಿನಲ್ಲಿ ಇರುವಾಗ ಹೆರಿಗೆ ಆಯಿತು ಎನ್ನಿ. ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ. ಊರಿಗೆ ಬಂದು ಪಂಚಾಯ್ತಿಯಲ್ಲಿ ಕೇಳಿದರೆ ಪ್ರಮಾಣಪತ್ರ ಸಿಗುವುದಿಲ್ಲ. ಪ್ರಮಾಣಪತ್ರ ಇಲ್ಲದೆ ಕೂಸಿಗೆ ಆಧಾರ್ ಇಲ್ಲ, ಆಧಾರ್ ಇಲ್ಲದೆ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ, ಹೆಸರಿಲ್ಲದಿದ್ದರೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಆ ಕೂಸು ಆ ಮನೆಯದೇ ಅಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಈ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಶಾಲೆಗೂ ಅದೇ ಬೇಕು.

ಎರಡನೆಯ ತೊಂದರೆ, ಕಾರ್ಡು ಸುಮ್ಮನೆ ಕೂತಿರುವುದು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪಡಿತರ ನಿಯಮ ತಿದ್ದಿದೆ. ಆರು ತಿಂಗಳು ರೇಷನ್ ಎತ್ತದ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಪರಿಶೀಲನೆ ಮಾಡಬಹುದು. ಗುಳೆ ಹೋದವರ ಬಾಗಿಲಿಗೆ ಬೀಗ ಇರುತ್ತದೆ. ಪರಿಶೀಲನೆಗೆ ಬಂದವರಿಗೆ ಯಾರು ಉತ್ತರ ಕೊಡಬೇಕು? ಅಕ್ಕಿ ಹೋದರೆ ಅಕ್ಕಿ ಮಾತ್ರ ಹೋಗುವುದಿಲ್ಲ, ಆರೋಗ್ಯದ 5 ಲಕ್ಷವೂ ಅದರ ಹಿಂದೆ ಹೋಗುವ ಭಯ ಇದೆ.

ಊರು ಬಿಡುವ ಮುನ್ನ ಇಷ್ಟು ಮಾಡಿ

1. ಕೂಸು ಎಲ್ಲೇ ಹುಟ್ಟಲಿ, 21 ದಿನದೊಳಗೆ ಅಲ್ಲೇ ನೋಂದಣಿ ಮಾಡಿಸಿ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಡಿಸ್ಚಾರ್ಜ್ ಆಗುವಾಗಲೇ ವಿಚಾರಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

2. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ಬೇಡ, ತಾಯಿ ಅಥವಾ ತಂದೆಯ ಆಧಾರ್ ಸಾಕು. ಐದು ತುಂಬಿದ ಮೇಲೆ ಮತ್ತು ಹದಿನೈದು ತುಂಬಿದ ಮೇಲೆ ಬೆರಳಚ್ಚು ಕೊಟ್ಟು ಸರಿಪಡಿಸಿ.

3. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಿ. ಈ ಅರ್ಜಿ ಎಲ್ಲಾ ಕಾಲಕ್ಕೂ ತೆರೆದಿರುವುದಿಲ್ಲ. ಸಿರುಗುಪ್ಪ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಕೇಳಿಕೊಂಡಿರಿ.

4. ಹೋದ ಊರಿನಲ್ಲೇ ರೇಷನ್ ತೆಗೆದುಕೊಳ್ಳಿ. 'ಒಂದು ದೇಶ ಒಂದು ಪಡಿತರ ಚೀಟಿ' ಇರುವುದರಿಂದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು. ಕಾರ್ಡು ಜೀವಂತ ಇರುತ್ತದೆ.

5. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುವವರು ಮಗುವಿನ ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಅಜ್ಜಿಯ ಕೈಗೂ ಕೊಟ್ಟು ಹೋಗಿ.

ಆಸ್ಪತ್ರೆಗೆ ಹೋಗುವಾಗ ಮೊದಲು ಸರ್ಕಾರಿ ಆಸ್ಪತ್ರೆ. ಸಿರುಗುಪ್ಪದಲ್ಲಿ ಆಗದ್ದನ್ನು ಬಳ್ಳಾರಿಗೆ, ಅಂದರೆ ಜನ ಇಂದಿಗೂ ವಿಮ್ಸ್ ಎನ್ನುವ ದೊಡ್ಡಾಸ್ಪತ್ರೆಗೆ, ಕಳಿಸುತ್ತಾರೆ. ಅಲ್ಲೂ ಆಗದಿದ್ದರೆ ರೆಫರಲ್ ಚೀಟಿಯ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಚೀಟಿ ಬೇಡ, ನೇರ ಹೋಗಬಹುದು. ಚೀಟಿ ಇಲ್ಲದೆ ಖಾಸಗಿಗೆ ಹೋಗಿ, ಹಣ ಕಟ್ಟಿ, ಆಮೇಲೆ ವಾಪಸ್ ಕೇಳಿದರೆ ಕಷ್ಟ.

ನಮ್ಮೂರಿಗೆ ಬಂದವರ ಮಕ್ಕಳು

ಗುಳೆ ಹೋಗುವವರಂತೆ ಬರುವವರೂ ಇದ್ದಾರೆ. ಗಡಿಯಾಚೆಯ ಆಂಧ್ರದಿಂದ ಕೂಲಿಗೆ ಬಂದವರಿಗೆ ಅವರ ರೇಷನ್ ಕಾರ್ಡಿನ ಮೇಲೆ ಆರೋಗ್ಯ ಕರ್ನಾಟಕ ಸಿಗುವುದಿಲ್ಲ, ಅದು ಈ ರಾಜ್ಯದ ನಿವಾಸಿಗಳಿಗೆ. ಆದರೆ ಕೇಂದ್ರದ ಆಯುಷ್ಮಾನ್ ಯೋಜನೆ ರಾಜ್ಯದ ಗಡಿ ನೋಡುವುದಿಲ್ಲ. ಆ ಫಲಾನುಭವಿ ಕುಟುಂಬ ಹೌದೋ ಅಲ್ಲವೋ ಎಂದು 14555ಕ್ಕೆ ಫೋನ್ ಮಾಡಿ ತಿಳಿಯಬಹುದು. ಲಸಿಕೆಗೆ, ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗೆ ನಡೆಯುವ ಬಾಲ ಸ್ವಾಸ್ಥ್ಯ ತಪಾಸಣೆಗೆ ಯಾವ ರೇಷನ್ ಕಾರ್ಡೂ ಬೇಡ. ಗುಡಿಸಲು ಹಾಕಿಕೊಂಡವರ ಮಕ್ಕಳನ್ನು ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಅವರ ತಾಯಂದಿರಿಗೆ ಇಲ್ಲಿ ಯಾರ ಪರಿಚಯವೂ ಇರುವುದಿಲ್ಲ, ನೀವೇ ಪರಿಚಯ.

ಮುಂದಿನ ಸಂಘದ ಸಭೆಗೆ ಬರುವಾಗ ನಿಮ್ಮ ರೇಷನ್ ಕಾರ್ಡ್ ತನ್ನಿ. ಮನೆಯಲ್ಲಿರುವ ಮಕ್ಕಳನ್ನು ಎಣಿಸಿ, ಕಾರ್ಡಿನಲ್ಲಿರುವ ಹೆಸರುಗಳನ್ನೂ ಎಣಿಸಿ. ಎರಡೂ ಲೆಕ್ಕ ಒಂದೇ ಇದ್ದರೆ ನಿಶ್ಚಿಂತೆ. ಒಂದು ಕಡಿಮೆ ಬಿದ್ದರೆ, ಗುಳೆ ಬಸ್ಸು ಹತ್ತುವ ಮೊದಲು ಮಾಡಬೇಕಾದ ಕೆಲಸ ಅದೇ.