ಮಳೆಕಾಡಿನ ಝೇಂಕಾರದ ಹಕ್ಕಿ

ನಮ್ಮ ಮನೆಯಂಗಳದ ದಾಸವಾಳಕ್ಕೆ ಬಂದು ಮಕರಂದವನ್ನು ಹೀರುವ ಸೂರಕ್ಕಿಯನ್ನು ಕಂಡು ಅನೇಕರು ಅದನ್ನೇ ಹಮ್ಮಿಂಗ್ ಬರ್ಡ್ ಎಂದು ಕರೆಯುವುದುಂಟು. ಅದು ಸರಿಯಲ್ಲ. ಹಮ್ಮಿಂಗ್ ಬರ್ಡ್, ಎಂದರೆ ಝೇಂಕಾರದ ಹಕ್ಕಿಯು, ಅಮೆರಿಕ ಖಂಡಗಳ ನಿವಾಸಿ. ಸೂರಕ್ಕಿಯು ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತು ಹೂವಿಗೆ ಕೊಕ್ಕನ್ನಿಡುತ್ತದೆ. ಝೇಂಕಾರದ ಹಕ್ಕಿಯಾದರೋ ಗಾಳಿಯಲ್ಲಿ ನಿಂತೇ ಉಣ್ಣುತ್ತದೆ. ಅದರ ರೆಕ್ಕೆ ಭುಜದ ಕೀಲಿನಲ್ಲಿ ತಿರುಗಬಲ್ಲುದಾದ್ದರಿಂದ ಮುಂದಕ್ಕೆ ಬೀಸಿದಾಗಲೂ ಹಿಂದಕ್ಕೆ ಬೀಸಿದಾಗಲೂ ದೇಹವನ್ನು ಎತ್ತಿ ಹಿಡಿಯುತ್ತದೆ. ಆ ಬೀಸಿನ ಸದ್ದೇ ಝೇಂಕಾರ.

ಈ ಕುಲದ ನೂರಾರು ಜಾತಿಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಪರಿಚಯಿಸುತ್ತೇವೆ. ಕೋಸ್ಟರಿಕದಿಂದ ಪೆರುವಿನವರೆಗಿನ ಬೆಟ್ಟದ ತಪ್ಪಲಿನ ಮಳೆಕಾಡುಗಳಲ್ಲಿ ವಾಸಿಸುವ ಇದಕ್ಕೆ ಇಂಗ್ಲಿಷಿನಲ್ಲಿ 'ಹಸಿರು ಸಂನ್ಯಾಸಿ' ಎಂಬರ್ಥದ ಹೆಸರಿದೆ. ದಟ್ಟ ಮರಗಳಡಿಯ ಮಬ್ಬಿನಲ್ಲಿ ಒಂಟಿಯಾಗಿ ಸಂಚರಿಸುವ ಹಕ್ಕಿಗೆ ಈ ಹೆಸರು ಒಪ್ಪುತ್ತದೆ. ತೂಕ ಸುಮಾರು 6 ಗ್ರಾಂ; ಕೊಕ್ಕು ನೀಳವಾಗಿ ಕೆಳಕ್ಕೆ ಬಾಗಿದೆ.

ಸಂತಾನಕಾಲದಲ್ಲಿ ಗಂಡುಗಳು ಪೊದೆಗಳ ನಡುವೆ ಒಂದೆಡೆ ನೆರೆದು, ತಗ್ಗಿದ ರೆಂಬೆಗಳಲ್ಲಿ ಕುಳಿತು, ಬಾಲವನ್ನಾಡಿಸುತ್ತ ಒಂದೇ ಸ್ವರವನ್ನು ಪದೇ ಪದೇ ಕೂಗುತ್ತವೆ. ಮರಿಗಳ ಭಾರವೆಲ್ಲ ತಾಯಿಯದೇ. ಅವಳು ಅಗಲವಾದ ಎಲೆಯೊಂದರ ತುದಿಯ ಅಡಿಭಾಗಕ್ಕೆ ಜೇಡರ ಬಲೆಯ ನೂಲಿನಿಂದ ಗೂಡನ್ನು ಹೆಣೆದು ಎರಡು ಬಿಳಿಯ ಮೊಟ್ಟೆಗಳನ್ನಿಡುತ್ತಾಳೆ. ಎಲೆಯೇ ಗೂಡಿಗೆ ಮಳೆಯ ಛತ್ರಿ!

ಈ ಹಕ್ಕಿಯು ಒಂದೇ ಗಿಡವನ್ನು ಕಾದು ಕುಳಿತಿರುವುದಿಲ್ಲ. ಅಂಚೆಯವನು ಮನೆಯಿಂದ ಮನೆಗೆ ಹೋಗುವಂತೆ, ದೂರ ದೂರದ ಹೂಗಳನ್ನು ಒಂದಾದ ಮೇಲೊಂದರಂತೆ ಸಂದರ್ಶಿಸುತ್ತ ಸುತ್ತು ಹಾಕುತ್ತದೆ. ಬಾಳೆಗೆ ದೂರದ ನಂಟುಳ್ಳ ಹೆಲಿಕೋನಿಯ ಗಿಡದ ಹೂವು ಇದಕ್ಕೆ ಅಚ್ಚುಮೆಚ್ಚು. ಕೋಸ್ಟರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸೋಜಿಗದ ಸಂಗತಿಯನ್ನು ತಿಳಿಸಿತು: ಒಂದು ಜಾತಿಯ ಹೆಲಿಕೋನಿಯದಲ್ಲಿ, ನೀಳ ಬಾಗುಕೊಕ್ಕಿನ ಹಕ್ಕಿಯು ಆಳದ ಮಕರಂದವನ್ನು ಹೀರಿದಾಗಲೇ ಪರಾಗನಾಳಗಳು ಚೆನ್ನಾಗಿ ಬೆಳೆಯುತ್ತವೆ. ಹೂವು ತನ್ನ ಅತಿಥಿಯನ್ನು ಗುರುತಿಸುತ್ತದೆಯೆಂದೇ ಹೇಳಬಹುದು.

ಅತಿಥಿ ಬರುವ ದಾರಿಯೇ ಕಡಿದುಹೋದರೆ ಗತಿಯೇನು? ಅದೇ ನಾಡಿನಲ್ಲಿ ವಿಜ್ಞಾನಿಗಳು ಈ ಹಕ್ಕಿಗಳಿಗೆ ಕಾಲು ಗ್ರಾಂ ತೂಕದ ರೇಡಿಯೋ ಯಂತ್ರವನ್ನು ಅಂಟಿಸಿ ದೂರ ಒಯ್ದು ಬಿಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶವಿದು: ಹಕ್ಕಿಗಳು ಮರಳಿ ಬಂದವು, ಆದರೆ ಹೊಲ-ಹುಲ್ಲುಗಾವಲುಗಳ ನಡುವೆ ಬಂದವುಗಳು ನೇರ ಹಾದಿಯನ್ನು ಬಿಟ್ಟು, ಉಳಿದಿದ್ದ ಕಾಡಿನ ತುಣುಕುಗಳನ್ನು ಹಿಡಿದು ಸುತ್ತಿ ಬಂದವು. ಕಾಡಿನೊಳಗಿನ ದಾರಿಗಿಂತ ಆ ಬಳಸು ಸರಾಸರಿ 459 ಮೀಟರಿನಷ್ಟು ಹೆಚ್ಚು.

ಹಕ್ಕಿಯ ಸುತ್ತು ತಪ್ಪಿದರೆ ಹೂವಿಗೆ ಪರಾಗವಿಲ್ಲ, ಪರಾಗವಿಲ್ಲದೆ ಬೀಜವಿಲ್ಲ, ಬೀಜವಿಲ್ಲದೆ ನಾಳಿನ ಗಿಡವಿಲ್ಲ. ಮರಗಳ ಸಾಲೊಂದು ಉರುಳಿದಾಗ ನೆರಳು ಹೋಯಿತೆಂದು ಮಾತ್ರ ನಾವು ಮರುಗುತ್ತೇವೆ. ಆ ಸಾಲು ಯಾವುದೋ ಪುಟ್ಟ ಜೀವದ ಹೆದ್ದಾರಿಯೂ ಆಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಲಿ.