ಹಾಲು ಕರೆಯುವ ಯಂತ್ರದಲ್ಲಿ ಕಳ್ಳಗಾಳಿ

‘ಡಾಕ್ಟ್ರೇ, ಹಸು ಮೊದಲೆಲ್ಲ ಸುಮ್ಮನೆ ನಿಲ್ತಿತ್ತು. ಈಗ ಮೆಷಿನ್ ಹಾಕಿದರೆ ಒದೀತದೆ, ಕಪ್ ಕಿರ್ ಅಂತ ಜಾರಿ ಬೀಳ್ತದೆ.’ ಇಂಥ ಕರೆ ನನಗೆ ಆಗಾಗ ಬರುತ್ತದೆ. ಹಸುವಿಗೆ ಇಂಜೆಕ್ಷನ್ ಬೇಕೇನೋ ಎಂದು ಸದಸ್ಯೆಯರು ಕಾಯುತ್ತಿರುತ್ತಾರೆ. ಕೊಟ್ಟಿಗೆಗೆ ಹೋದ ಕೂಡಲೇ ನಾನು ನೋಡುವುದು ಯಂತ್ರದ ಗೇಜನ್ನು. ಹಸುವಿನ ಸರದಿ ಆಮೇಲೆ.

ಈ ಯಂತ್ರ ಕೈಯಂತೆ ಹಾಲನ್ನು ಹಿಂಡುವುದಿಲ್ಲ, ಎಳೆಯುತ್ತದೆ. ಪಂಪು ಪೈಪಿನೊಳಗಿನ ಗಾಳಿಯನ್ನು ಹೊರಹಾಕುತ್ತದೆ. ಆ ಎಳೆತಕ್ಕೆ ಮೊಲೆತುದಿ ತೆರೆದು ಹಾಲು ಬರುತ್ತದೆ. ಕಪ್ಪಿನೊಳಗಿನ ರಬ್ಬರ್ ಲೈನರ್ ನಿಮಿಷಕ್ಕೆ ಸುಮಾರು 60 ಸಲ ಮುಚ್ಚಿ ತೆರೆದು ಮೊಲೆಗೆ ವಿಶ್ರಾಂತಿ ಕೊಡುತ್ತದೆ. ಎಳೆತ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ಇರಬೇಕು. ಗೇಜಿನಲ್ಲಿ ಪಾದರಸದ ಮಿಲಿಮೀಟರ್ ಲೆಕ್ಕವಿದ್ದರೆ 300ರಿಂದ 375. ನಿಮ್ಮ ಯಂತ್ರದ ಕಂಪನಿ ಹೇಳಿರುವ ಅಂಕಿಯ ಎದುರು ಗೇಜಿನ ಗಾಜಿನ ಮೇಲೆ ಉಗುರುಬಣ್ಣದಿಂದ ಒಂದು ಗೆರೆ ಎಳೆದಿಡಿ. ಅಂಕಿ ಓದಲು ಬಾರದ ಅತ್ತೆಯೂ ಆಗ ಮುಳ್ಳು ಸರಿಯಿದೆಯೇ ಎಂದು ಹೇಳಬಲ್ಲರು.

ಕಪ್ ಜಾರಿದರೆ ಒಂದಿಷ್ಟು ಹಾಲು ಚೆಲ್ಲಿತು, ಅಷ್ಟೇ ನಷ್ಟ ಎಂದುಕೊಳ್ಳಬೇಡಿ. ಜಾರಿದ ಕಪ್ಪಿನೊಳಕ್ಕೆ ಗಾಳಿ ರಭಸದಿಂದ ನುಗ್ಗಿದಾಗ ಕೊಳವೆಯಲ್ಲಿರುವ ಹಾಲಿನ ಹನಿಗಳು ಹಿಮ್ಮುಖವಾಗಿ ಚಿಮ್ಮಿ ಪಕ್ಕದ ಮೊಲೆತುದಿಗೆ ಬಡಿಯುತ್ತವೆ. ಒಂದು ಮೊಲೆಯಲ್ಲಿ ರೋಗಾಣು ಇದ್ದರೆ ಹೀಗೆ ಇನ್ನೊಂದಕ್ಕೂ ದಾಟುತ್ತದೆ. ಕಣ್ಣಿಗೆ ಕಾಣದ ಕೆಚ್ಚಲು ಬಾವು ಹೀಗೂ ಹರಡುತ್ತದೆ. ಊತವಿಲ್ಲ, ಗಡ್ಡೆಯಿಲ್ಲ, ಆದರೆ ಹಾಲು ದಿನದಿನಕ್ಕೆ ಇಳಿಯುತ್ತದೆ. ಎಳೆತ ಅತಿಯಾದರೂ ಕೇಡೇ. ಮೊಲೆತುದಿ ಒರಟಾಗಿ ಉಂಗುರದಂತೆ ಉಬ್ಬುತ್ತದೆ.

ಪರೀಕ್ಷೆ ಸುಲಭ. ಕ್ಯಾನಿಗೆ ಹೋಗುವ ಕೊಳವೆಯ ನಲ್ಲಿ ಮುಚ್ಚಿ ಪಂಪ್ ಚಾಲೂ ಮಾಡಿ. ನಲ್ಲಿ ಇಲ್ಲದಿದ್ದರೆ ಕೊಳವೆಯನ್ನೇ ಮಡಚಿ ಬಿಗಿಯಾಗಿ ಹಿಡಿಯಿರಿ. ಮುಳ್ಳು ಗೆರೆಗೆ ಬಂದು ನಿಂತರೆ ಪಂಪು ಚೆನ್ನಾಗಿದೆ, ಕಳ್ಳಗಾಳಿ ಕ್ಯಾನಿನ ಕಡೆಯಿಂದ ಸೇರುತ್ತಿದೆ. ಬರಲೇ ಇಲ್ಲವೆಂದರೆ ಬೆಲ್ಟ್ ಸಡಿಲವೇ, ಪಂಪಿನ ಎಣ್ಣೆ ಮುಗಿದಿದೆಯೇ, ಟ್ಯಾಂಕಿನ ತಳದ ಮುಚ್ಚಳ ತೆರೆದಿದೆಯೇ, ರೆಗ್ಯುಲೇಟರ್ ದೂಳು ಕಟ್ಟಿ ಅಂಟಿಕೊಂಡಿದೆಯೇ ನೋಡಿ. ಬೆಲ್ಟ್ ಮುಟ್ಟುವ ಮುಂಚೆ ಪ್ಲಗ್ ಕಿತ್ತಿರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು.

ಈಗ ನಲ್ಲಿ ತೆರೆಯಿರಿ. ಮುಳ್ಳು ಇಳಿಯಿತೇ? ಕ್ಯಾನಿನಿಂದ ನಾಲ್ಕು ಕಪ್‌ಗಳು ಕೂಡುವ ಬಟ್ಟಲಿಗೆ, ಅಂದರೆ ಕ್ಲಾಗೆ, ಹೋಗುವ ಹಾಲಿನ ಕೊಳವೆಯನ್ನು ಮಡಚಿ. ಮುಳ್ಳು ಮತ್ತೆ ಏರಿದರೆ ತೂತು ಕ್ಲಾ, ಲೈನರ್ ಅಥವಾ ಸಣ್ಣ ಕೊಳವೆಗಳಲ್ಲಿದೆ. ಏರದಿದ್ದರೆ ಕ್ಯಾನಿನ ಮುಚ್ಚಳದ ವಾಷರ್ ಮೇಲೆ ಕೈಯಾಡಿಸಿ. ಒಣಗಿದ ಹಾಲಿನ ಹಕ್ಕಳೆಯೋ ಒಂದು ಹುಲ್ಲುಕಡ್ಡಿಯೋ ಸಿಕ್ಕಿಕೊಂಡಿದ್ದರೂ ಸಾಕು, ಎಳೆತ ಬಿದ್ದುಹೋಗುತ್ತದೆ.

ಸಣ್ಣ ಬಿರುಕು ಹುಡುಕಲು ಸೋಪಿನ ನೊರೆ ಬೇಕು. ಡೀಸೆಲ್ ಕಾರಿನ ಮೆಕ್ಯಾನಿಕ್ ಕೂಡ ಗಾಳಿ ಪೈಪಿಗೆ ಇದನ್ನೇ ಹಚ್ಚುತ್ತಾನೆ. ಅಲ್ಲಿ ಟರ್ಬೊ ಗಾಳಿಯನ್ನು ಒತ್ತಿ ಮ್ಯಾನಿಫೋಲ್ಡಿಗೆ ತುಂಬುವುದರಿಂದ ಸೋರಿಕೆ ಹೊರಮುಖ, ಗುಳ್ಳೆ ಏಳುತ್ತದೆ. ಆ ಪೈಪ್ ಸೀಳಿದರೆ ಕಾರು ಏರು ಹತ್ತಲಾರದೆ ಕರಿಹೊಗೆ ಉಗುಳುತ್ತದೆ. ನಮ್ಮ ಯಂತ್ರದಲ್ಲಿ ಗಾಳಿ ಒಳಮುಖ. ಗುಳ್ಳೆಗಾಗಿ ಕಾದರೆ ಏನೂ ಕಾಣದು; ಹಚ್ಚಿದ ನೊರೆ ಎಲ್ಲಿ ಒಳಗೆ ಮಾಯವಾಗುತ್ತದೋ ಅಲ್ಲೇ ತೂತು. ಆಮೇಲೆ ಬಿಸಿನೀರಿನಲ್ಲಿ ತೊಳೆಯಲು ಮರೆಯಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಕ್ಲಾ ಮೇಲೆ ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುತ್ತದೆ, ಅದು ಸದಾ ಸುಂಯ್ ಎನ್ನುತ್ತದೆ. ಅದು ಕಂಪನಿಯೇ ಬಿಟ್ಟಿರುವ ರಂಧ್ರ. ಅಲ್ಲಿಂದ ಸೇರುವ ಗಾಳಿಯೇ ಹಾಲನ್ನು ಕ್ಯಾನಿನತ್ತ ತಳ್ಳುತ್ತದೆ. ಒಬ್ಬ ಸದಸ್ಯೆಯ ಮನೆಯಲ್ಲಿ ಯಾರೋ ಇದನ್ನು ಸೋರಿಕೆ ಎಂದು ತಿಳಿದು ಅಂಟು ಮೆತ್ತಿದ್ದರು. ಹಾಲು ಕ್ಲಾದಲ್ಲೇ ತುಂಬಿ ನಿಂತು ಕಪ್‌ಗಳು ಭಾರಕ್ಕೆ ಜಗ್ಗುತ್ತಿದ್ದವು. ಆ ರಂಧ್ರ ಮುಚ್ಚಿಕೊಂಡಿದ್ದರೆ ಸಣ್ಣ ಸೂಜಿಯಿಂದ ಬಿಡಿಸಿ, ದೊಡ್ಡದು ಮಾಡಬೇಡಿ. ರೆಗ್ಯುಲೇಟರಿನ ಸದ್ದೂ ಹಾಗೆಯೇ. ಹೆಚ್ಚಾದ ಎಳೆತವನ್ನು ತಗ್ಗಿಸಲು ಅದು ಗಾಳಿ ಕುಡಿಯುತ್ತಿರಬೇಕು. ಎಂದೂ ಸದ್ದೇ ಮಾಡದ ರೆಗ್ಯುಲೇಟರನ್ನು ಅನುಮಾನಿಸಿ.

ಗಾಳಿ ಕೊಳವೆಯ ತುದಿ ಸೀಳಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಕೂಡಿಸಬಹುದು. ಲೈನರಿಗೆ ಮಾತ್ರ ತೇಪೆ ಬೇಡವೇ ಬೇಡ, ಬಿರುಕಿನಲ್ಲಿ ಕೂತ ಹಾಲು ಯಾವ ತೊಳೆತಕ್ಕೂ ಹೋಗದು. ಗಾಳಿ ಮಾತ್ರ ಓಡಾಡಬೇಕಾದ ಪಲ್ಸೇಟರ್ ಕೊಳವೆಯಲ್ಲಿ ಹಾಲು ಕಂಡರೆ ಲೈನರ್ ಹರಿದಿದೆ ಎಂದೇ ಅರ್ಥ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ರಬ್ಬರ್ ಲೈನರಿನ ಆಯಸ್ಸು 2,500 ಕರೆತ ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಹತ್ತು ಹಸು ಇರುವ ಮನೆಯಲ್ಲಿ ದಿನಕ್ಕೆ 20 ಕರೆತ, ಅಂದರೆ ನಾಲ್ಕೇ ತಿಂಗಳು. ಎರಡು ಹಸು ಇದ್ದರೂ ಆರು ತಿಂಗಳು ದಾಟಿಸಬೇಡಿ, ರಬ್ಬರ್ ಹಳತಾಗಿ ಬಿಗಿ ಕಳೆದುಕೊಳ್ಳುತ್ತದೆ.

ಪಲ್ಸೇಟರ್ ನೋಡಲು ಚೊಕ್ಕ ಹೆಬ್ಬೆರಳನ್ನು ಕಪ್ಪಿನೊಳಗಿಟ್ಟು ಗಡಿಯಾರ ನೋಡಿ ಎಣಿಸಿ. 55ರಿಂದ 65 ಸಲ ಹಿಂಡಿ ಬಿಟ್ಟರೆ ಸರಿ. ಹಿಡಿದದ್ದು ಬಿಡದಿದ್ದರೆ ಹಸುವಿನ ಮೊಲೆಗೆ ಎಷ್ಟು ನೋವೆಂದು ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಕರೆದು ಮುಗಿದ ಮೇಲೆ ಎಳೆತ ನಿಲ್ಲಿಸದೆ ಕಪ್ ಕಿತ್ತರೂ ಇದೇ ನೋವು.

ಇಷ್ಟೆಲ್ಲ ಆದರೂ ಮುಳ್ಳು ಏರದಿದ್ದರೆ ಪಂಪಿನೊಳಗಿನ ಬ್ಲೇಡು ಸವೆದಿರಬಹುದು. ಅದು ಸರ್ವಿಸ್ ಮೆಕ್ಯಾನಿಕ್‌ನ ಕೆಲಸ, ಅವರು ಬರುವವರೆಗೆ ಕೈಯಲ್ಲೇ ಕರೆಯಿರಿ. ಮುಳ್ಳು ಗೆರೆಯಲ್ಲೇ ಇದ್ದೂ ಹಸು ಒದೆಯುತ್ತಿದ್ದರೆ ಪ್ರತಿ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗಡ್ಡೆ ಅಥವಾ ನೀರುನೀರಾದ ಹಾಲು ಕಂಡರೆ ಆ ಹಸುವಿಗೆ ಯಂತ್ರ ಹಾಕಬೇಡಿ, ಅದರ ಹಾಲನ್ನು ಸಂಘದ ಕ್ಯಾನಿಗೆ ಸುರಿಯಬೇಡಿ, ಅಂದೇ ನಮಗೆ ಫೋನ್ ಮಾಡಿ.