ನೆರಳಿನ ಉದ್ದ 5,403 ಗಜ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ಗಜ ಗಳಿಸಿದವನು ಜೆರ್ರಿ ರೈಸ್: 22,895 ಗಜ. ಚರಿತ್ರೆಯಲ್ಲಿ ಅವನ ನಂತರದ ಸ್ಥಾನ ಲ್ಯಾರಿ ಫಿಟ್ಜ್‌ಜೆರಾಲ್ಡ್‌ನದು: 17,492. ನಡುವಿನ ಅಂತರ 5,403.

ಈಗ ಮೂರನೆಯ ಹೆಸರು, ಜಾನ್ ಟೇಲರ್. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದಲ್ಲಿ ಮೈದಾನದ ಒಂದು ಅಂಚಿಗೆ ರೈಸ್ ನಿಂತರೆ ಇನ್ನೊಂದು ಅಂಚಿಗೆ ನಿಲ್ಲುತ್ತಿದ್ದವನು. 1987ರಿಂದ 1995ರವರೆಗಿನ ಅವನ ಒಟ್ಟು ಗಳಿಕೆ 5,598 ಗಜ. ಒಂಬತ್ತು ವರ್ಷ ಮೈ ಮುರಿದು ದುಡಿದದ್ದನ್ನೆಲ್ಲ ಗಂಟು ಕಟ್ಟಿ ಫಿಟ್ಜ್‌ಜೆರಾಲ್ಡ್‌ನ ಕೈಗೆ ಕೊಟ್ಟುಬಿಟ್ಟರೂ ಅವನು ರೈಸ್‌ನನ್ನು ದಾಟುವುದು ಬರೀ 195 ಗಜದಿಂದ. ಸಾರ್ವಕಾಲಿಕ ಮೊದಲಿಗನಿಗೂ ಎರಡನೆಯವನಿಗೂ ನಡುವೆ ಹೆಚ್ಚೂಕಡಿಮೆ ಒಬ್ಬ ಇಡೀ ಟೇಲರ್ ಹಿಡಿಸುತ್ತಾನೆ.

ಹೆಸರು ಫುಟ್‌ಬಾಲ್ ಆದರೂ ಈ ಆಟದಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ನೂರು ಗಜದ ಮೈದಾನ. ಕ್ವಾರ್ಟರ್‌ಬ್ಯಾಕ್ ಎಂಬವನು ಚೆಂಡು ಎಸೆಯುತ್ತಾನೆ. ರಿಸೀವರ್ ಓಡುತ್ತಲೇ ಅದನ್ನು ಹಿಡಿದು ಮುಂದಕ್ಕೆ ನುಗ್ಗುತ್ತಾನೆ. ಆಟ ಶುರುವಾದ ಗೆರೆಯಿಂದ ಅವನು ತಲುಪಿದ ಜಾಗದವರೆಗಿನ ದೂರ ಗಜಗಳಲ್ಲಿ ಅವನ ಖಾತೆಗೆ. ರೈಸ್‌ನ ಖಾತೆಯನ್ನು ಕಿಲೋಮೀಟರಿಗೆ ಇಳಿಸಿದರೆ ಸುಮಾರು 21, ಅರ್ಧ ಮ್ಯಾರಥಾನಿಗೆ ನೂರ ಅರವತ್ತು ಮೀಟರಿನಷ್ಟೇ ಕಡಿಮೆ. ಟೇಲರ್‌ನದು 5 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಒಂದೊಂದು ಹೆಜ್ಜೆಗೂ ನೂರು ಕಿಲೋ ತೂಕದ ಆಳುಗಳು ಮೇಲೆ ಬೀಳುವ ಜಾಗದಲ್ಲಿ ಅಷ್ಟು ದೂರ.

ಹಾಗಾದರೆ ಟೇಲರ್ ನಿಜಕ್ಕೂ ಎಷ್ಟು ಒಳ್ಳೆಯ ಆಟಗಾರ? ಈ ಜಗಳ ಮುಗಿಯುವಂಥದ್ದಲ್ಲ. ಬೇರೆ ಯಾವ ತಂಡದಲ್ಲಿದ್ದರೂ ಅವನೇ ಮೊದಲಿಗನಾಗುತ್ತಿದ್ದ ಎನ್ನುವುದು ಒಂದು ಪಕ್ಷ. ರೈಸ್‌ನನ್ನು ಕಾಯಲು ಇಬ್ಬರು ಹೋಗುತ್ತಿದ್ದರು, ಇವನಿಗೆ ಒಬ್ಬನೇ ಸಿಗುತ್ತಿದ್ದ, ತೆರೆದ ಬಾಗಿಲಲ್ಲಿ ನುಗ್ಗುವುದೇನು ಮಹಾ ಎನ್ನುವುದು ಇನ್ನೊಂದು.

ರೈಸ್ ನಲವತ್ತು ದಾಟಿದ ಮೇಲೂ ಆಡಿದವನು. ಹಾಗಾಗಿ ಒಟ್ಟು ಲೆಕ್ಕ ಹೋಲಿಸುವುದು ನ್ಯಾಯವಲ್ಲ. ಇಬ್ಬರೂ ಜೊತೆಗಿದ್ದ ಒಂಬತ್ತು ವರ್ಷಗಳನ್ನಷ್ಟೇ ತಕ್ಕಡಿಗೆ ಹಾಕಬೇಕು. ಆ ಅವಧಿಯಲ್ಲಿ ರೈಸ್ 807 ಬಾರಿ ಚೆಂಡು ಹಿಡಿದು 12,626 ಗಜ ಗಳಿಸಿದ, ಹಿಡಿತಕ್ಕೆ 15.6ರ ಸರಾಸರಿ. ಟೇಲರ್ 347 ಬಾರಿ, ಸರಾಸರಿ 16.1. ಒಂದೊಂದು ಹಿಡಿತದ ಲೆಕ್ಕದಲ್ಲಿ ಎರಡನೆಯವನೇ ಅರ್ಧ ಗಜ ಮುಂದೆ! ಇಲ್ಲಿಗೇ ನಿಲ್ಲಿಸಿದರೆ ಟೇಲರ್ ಪಕ್ಷದವರು ಶಿಳ್ಳೆ ಹೊಡೆಯಬಹುದು. ಆದರೆ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದು, ನೋಡಿ. ರೈಸ್ 128, ಟೇಲರ್ 43. ಅವನಿಗೆ ಆರು ಹಿಡಿತಕ್ಕೊಂದು, ಇವನಿಗೆ ಎಂಟಕ್ಕೊಂದು. ಗೆರೆಯ ಹತ್ತಿರ ಬಂದಾಗ, ಎಲ್ಲರಿಗೂ ಗೊತ್ತಿದ್ದೂ ತಡೆಯಲಾಗದವನು ರೈಸ್ ಒಬ್ಬನೇ. ಅಷ್ಟನ್ನು ಟೇಲರ್‌ನ ಅಭಿಮಾನಿಯಾದ ನಾನೂ ಒಪ್ಪಬೇಕು.

ಒಪ್ಪಿದ ಮೇಲೆ 1989ರ ಡಿಸೆಂಬರ್ 11ರ ರಾತ್ರಿಯ ಮಾತು ಎತ್ತುವ ಹಕ್ಕು ನನಗುಂಟು. ಎದುರಾಳಿ ಲಾಸ್ ಏಂಜಲೀಸ್ ರ‍್ಯಾಮ್ಸ್. ಕೊನೆಯ ಕಾಲುಭಾಗದಲ್ಲಿ 27-10ರಿಂದ ಹಿಂದಿದ್ದ ಫಾರ್ಟಿನೈನರ್ಸ್ 30-27ರಿಂದ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಆ ರಾತ್ರಿ ಎಸೆದು ಗಳಿಸಿಕೊಟ್ಟ 458 ಗಜಗಳಲ್ಲಿ 286 ಟೇಲರ್ ಒಬ್ಬನವೇ. ಎರಡು ಟಚ್‌ಡೌನ್, ಎರಡೂ 90 ಗಜಕ್ಕೆ ಮೇಲ್ಪಟ್ಟವು, ಅಂದರೆ ಮೈದಾನದ ಈ ತುದಿಯಿಂದ ಆ ತುದಿಗೆ, ಎರಡು ಸಲ. ಒಂದೇ ಪಂದ್ಯದಲ್ಲಿ ಅಂಥ ಎರಡು ಅದಕ್ಕೆ ಮುಂಚೆ ಯಾರಿಗೂ ದಕ್ಕಿರಲಿಲ್ಲ. ಆ ವರ್ಷ ಅವನು ಗಳಿಸಿದ್ದು 1,077 ಗಜ; ಕಾಲುಭಾಗಕ್ಕೂ ಹೆಚ್ಚು ಬಂದದ್ದು ಒಂದೇ ರಾತ್ರಿಯಲ್ಲಿ. ರೈಸ್‌ನ ಇಡೀ ಬದುಕಿನ ಅತ್ಯುತ್ತಮ ದಿನ, 1995ರಲ್ಲಿ ಮಿನೆಸೋಟ ವೈಕಿಂಗ್ಸ್ ಎದುರಿನದು, 289 ಗಜ. ಮೂರೇ ಗಜ ವ್ಯತ್ಯಾಸ. ಒಂಬತ್ತು ಅಡಿ.

ತಮಾಷೆ ಇನ್ನೂ ಇದೆ. ಒಂದು ಪಂದ್ಯದ ಸಾರ್ವಕಾಲಿಕ ದಾಖಲೆ ಈ ಇಬ್ಬರದೂ ಅಲ್ಲ. ಟೇಲರ್‌ನ ರಾತ್ರಿಗೆ ಹದಿನೈದು ದಿನ ಮುಂಚೆ, ಅದೇ ರ‍್ಯಾಮ್ಸ್ ತಂಡದ ಫ್ಲಿಪರ್ ಆಂಡರ್ಸನ್ 336 ಗಜ ಹೊಡೆದಿದ್ದ. ಅವನೂ ಎರಡನೆಯವನೇ, ತಂಡದ ಮೊದಲಿಗ ಹೆನ್ರಿ ಎಲ್ಲಾರ್ಡ್ ಗಾಯಗೊಂಡು ಹೊರಗಿದ್ದ. ಮೇಲಿನವನು ಒಂದು ದಿನ ಪಕ್ಕಕ್ಕೆ ಸರಿದದ್ದೇ ತಡ, ಕೆಳಗಿನವನಿಂದ ಇಂದಿಗೂ ಅಳಿಯದ ದಾಖಲೆ.

ಟೇಲರ್‌ಗೆ ಆ ಭಾಗ್ಯವೂ ಇರಲಿಲ್ಲ. ಅವನಿದ್ದ ಒಂಬತ್ತು ವರ್ಷವೂ ರೈಸ್ ಗಾಯದಿಂದ ಒಂದೂ ಪಂದ್ಯ ತಪ್ಪಿಸಲಿಲ್ಲ. ರೈಸ್‌ನ ಮಂಡಿ ಮುರಿದದ್ದು 1997ರಲ್ಲಿ, ಟೇಲರ್ ಮನೆ ಸೇರಿದ ಮೇಲೆ. ರೈಸ್ ಇಲ್ಲದ ಟೇಲರ್ ಹೇಗಿರುತ್ತಿದ್ದ ಎಂಬ ಪರೀಕ್ಷೆ ನಡೆಯಲೇ ಇಲ್ಲ. ಹೊಸ ಆಟಗಾರರ 1985ರ ಆಯ್ಕೆಯಲ್ಲಿ ರೈಸ್ 16ನೆಯವನಾಗಿ ಬಂದ, ಮರುವರ್ಷ ಟೇಲರ್ 76ನೆಯವನಾಗಿ. ಇಬ್ಬರ ಹಣೆಬರಹ ಬರೆದಾಗಿತ್ತು.

ಕೊನೆಯದಾಗಿ 1989ರ ಜನವರಿ 22, ಮಯಾಮಿಯಲ್ಲಿ ಲೀಗ್‌ನ ಅಂತಿಮ ಪಂದ್ಯ, ಸೂಪರ್ ಬೌಲ್. ಸಿನ್ಸಿನಾಟಿ ಬೆಂಗಾಲ್ಸ್ 16-13ರಿಂದ ಮುಂದಿದೆ, ಉಳಿದಿರುವುದು ಮೂರು ನಿಮಿಷ ಚಿಲ್ಲರೆ, ದಾಟಬೇಕಾದ್ದು 92 ಗಜ. ಅಷ್ಟು ಹೊತ್ತೂ ಟೇಲರ್ ಒಂದು ಚೆಂಡೂ ಹಿಡಿದಿಲ್ಲ. ರೈಸ್ ಇಡೀ ಪಂದ್ಯದಲ್ಲಿ ಹಿಡಿದದ್ದು 11, ಗಳಿಸಿದ್ದು 215 ಗಜ. ಕೊನೆಯ 10 ಗಜಕ್ಕೆ ಹೂಡಿದ ಆಟದಲ್ಲೂ ಚೆಂಡಿನ ಮೊದಲ ಗುರಿ ಟೇಲರ್ ಅಲ್ಲ, ತಂಡದ ಇನ್ನೊಬ್ಬ ಆಟಗಾರ ರೋಜರ್ ಕ್ರೇಗ್. ಚೆಂಡು ಹೊರಡುವ ಮುನ್ನ ರೈಸ್ ಅಡ್ಡಡ್ಡ ಓಡಿದ, ಕಾವಲಿನವರ ಕಣ್ಣು ಅವನ ಹಿಂದೆ ಹೋಯಿತು, ನಡುವಿನ ಸಂದಿಯಲ್ಲಿ ಟೇಲರ್. ಮೊಂಟಾನಾ ಎಸೆದ, ಅವನು ಹಿಡಿದ. ಗಡಿಯಾರದಲ್ಲಿ ಉಳಿದದ್ದು 34 ಸೆಕೆಂಡು, ಫಲಿತಾಂಶ 20-16. ಪಂದ್ಯದ ಶ್ರೇಷ್ಠ ಆಟಗಾರನ ಪ್ರಶಸ್ತಿ ರೈಸ್‌ಗೆ ಹೋಯಿತು.

ಆ 10 ಗಜ ಟೇಲರ್‌ನ 5,598ರಲ್ಲಿ ಸೇರಿಲ್ಲ. ಸೂಪರ್ ಬೌಲ್‌ನ ಗಳಿಕೆಯನ್ನು ಲೀಗ್‌ನವರು ಬೇರೆ ಲೆಕ್ಕದಲ್ಲಿ ಬರೆದಿಡುತ್ತಾರೆ.